ಕರಡಿಗೆ ಬಿಟ್ಟ ಟೊಂಗೆ

ಕುರುಗೋಡಿನಲ್ಲಿ ಸಿರುಗುಪ್ಪದ ಬಸ್ಸಿಗೆ ಕಾಯುತ್ತ ನಾನೂ ಮಗಳೂ ಸೀತಾಫಲ ಮಾರುವ ಹನುಮಕ್ಕನ ಬುಟ್ಟಿಯ ಮುಂದೆ ಕುಳಿತಿದ್ದೆವು. ಹಣ್ಣೆಲ್ಲ ಸಣ್ಣವು.

"ದೊಡ್ಡವು ಇಲ್ಲೇನವ್ವ?" ಎಂದೆ.

"ಅದಾವ್ರಿ. ಕೆಳಗಿನ ಟೊಂಗಿವು ನಾವು ಹರಿಯಂಗಿಲ್ಲ, ಕರಡಿಗೆ ಬಿಡ್ತೀವಿ," ಎಂದು ಆಕೆ ಎದುರಿನ ಬಂಡೆಗುಡ್ಡ ತೋರಿಸಿದಳು. "ಬೆನ್ನ ಮ್ಯಾಲೆ ಎರಡು ಮರಿ ಹೊತ್ಕಂಡು ಗಿಡ ಹತ್ತಾಕ ಆಗ್ತೈತೇನ್ರಿ ಅದಕ್ಕ? ಚಳಿಗಾಲದಾಗ ಗವಿಯೊಳಗ ಈದಿತ್ತು. ಈಗ ಮರಿ ನಾಯಿಯಷ್ಟು ಬೆಳದಾವು, ಆದ್ರೂ ಇಳಿಯವಲ್ಲವು."

"ತಾಯಿ ಕೆಡವೋದಿಲ್ಲೇನು?"

"ಯಾಕ ಕೆಡವ್ತೈತ್ರಿ? ಇನ್ನೊಂದೆರಡು ವರ್ಷಕ್ಕ ಅವೇ ಬಿಟ್ಟು ಹೋಗ್ತಾವು."

ಮಗಳು ಮೊಬೈಲಿನಿಂದ ತಲೆಯೆತ್ತಿ ನಕ್ಕಳು. "ಉಪ್ಪಿನಮೂಟಿ!"

ಅವಳು ಚಿಕ್ಕವಳಿದ್ದಾಗ ಸತ್ಯನಾರಾಯಣಪೇಟೆಯ ನಮ್ಮ ಓಣಿಯಲ್ಲಿ ದಿನಾ ಸಂಜೆ ಅವಳನ್ನು ಉಪ್ಪಿನ ಮೂಟೆಯಂತೆ ಬೆನ್ನಿಗೆ ಹಾಕಿಕೊಂಡು, "ಉಪ್ಪು ಬೇಕೇನ್ರಿ, ಉಪ್ಪು" ಎಂದು ಮನೆಮನೆಯ ಮುಂದೆ ತಿರುಗುತ್ತಿದ್ದೆ. ಅವಳು ಕೊನೆಯ ಸಲ ಬೆನ್ನಿಂದ ಇಳಿದದ್ದು ಯಾವಾಗ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಬಸ್ಸು ಬಂತು. ನನಗಿಂತ ಎತ್ತರ ಬೆಳೆದ ಮಗಳು ನಾನು ಕೊಂಡು ಹಿಡಿದಿದ್ದ ಹಣ್ಣಿನ ಚೀಲಕ್ಕೆ ಕೈ ಹಾಕಿದಳು.

"ಕೊಡವ್ವ ಇತ್ತಾಗ, ನಿನಗ ಭಾರ ಆಗ್ತೈತಿ."

ಕೊಟ್ಟೆ. ಬರಿಗೈಯಲ್ಲಿ ಅವಳ ಹಿಂದೆ ಬಸ್ಸು ಹತ್ತಿದೆ. ನನಗೆ ಬೇಕಾಗಿದ್ದದ್ದು ಆ ಭಾರವೇ.