ಮಣಿಯ ತೂತಿಗೆ ತಕ್ಕ ಸೂಜಿ

ಬೇವೂರಿನ ಹಂಪವ್ವ ಮೂವತ್ತು ವರ್ಷಗಳಿಂದ ಮದುವೆಯಲ್ಲಿ ಕೊಡ ಹೊರಲು ತಲೆಯ ಮೇಲಿಡುವ ಸಿಂಬಿಗೆ, ಬಾಗಿಲ ತೋರಣಕ್ಕೆ ಮಣಿ ಪೋಣಿಸುತ್ತ ಬಂದವಳು. ಯಲಬುರ್ಗಾದಲ್ಲಿ ಒಂದು ಸಂಸ್ಥೆ ಮಣಿ ಕೆಲಸದ ತರಬೇತಿ ಇಟ್ಟಾಗ ಆಕೆ ಕಲಿಯುವುದೇನೂ ಇರಲಿಲ್ಲ. ಆದರೂ ಪ್ರಮಾಣಪತ್ರವಿದ್ದರೆ ಕೊಪ್ಪಳದ ಬ್ಲೌಸ್ ಅಂಗಡಿಗಳು ಕೆಲಸ ಕೊಡುತ್ತವೆಂದು ಪಕ್ಕದ ಮನೆಯ ಕವಿತಾಳನ್ನೂ ಕರೆದುಕೊಂಡು ಹೋದಳು.

ಕಲಿಸಲು ಬಂದ ಗೌತಮ ಎಲ್ಲರಿಗೂ ಬಟ್ಟೆ ಹೊಲಿಯುವ ಸೂಜಿಯನ್ನೇ ಹಂಚಿದ. ಸಾಸಿವೆಯಷ್ಟಿರುವ ಗಾಜಿನ ಮಣಿಯಲ್ಲಿ ಅದರ ದಪ್ಪ ಕಣ್ಣು ಹಾಯುವುದಿಲ್ಲವೆಂದು ಹಂಪವ್ವನಿಗೆ ನೋಡಿದ ಕೂಡಲೇ ತಿಳಿಯಿತು. ಹೇಳಿದರೆ ತರಬೇತಿಯಿಂದ ಹೆಸರು ತೆಗೆದುಹಾಕಿಯಾನೆಂದು ಬಾಯಿ ಮುಚ್ಚಿಕೊಂಡು, ತನ್ನ ಬಳಿಯಿದ್ದ ಒಂದೇ ಒಂದು ತೆಳು ಸೂಜಿಯಲ್ಲಿ ಕೆಲಸ ಮಾಡಿದಳು. ಉಳಿದವರ ಮಣಿಗಳೂ ಒಡೆಯುತ್ತಿದ್ದವು, ಕವಿತಾಳ ಕೈಯಲ್ಲಂತೂ ಪಟಪಟನೆ ಒಡೆದವು.

ಐದನೆಯ ದಿನ ಗೌತಮ ಎಲ್ಲರೆದುರು ಕವಿತಾಳಿಗೆ ಅಂದ: "ಕಳೆ ತಗಿಯೂ ಕೈ ಇವು. ಮಣಿ ಕೆಲಸ ನಿನ್ನಂಥವ್ರಿಗಲ್ಲ. ನಾಳಿಂದ ಬರಬ್ಯಾಡ."

ಕವಿತಾ ಎದ್ದು ಚಪ್ಪಲಿ ಮೆಟ್ಟಿ ಹೊರಟೇಹೋದಳು. ಹಂಪವ್ವನ ಮೈ ಉರಿಯಿತು. ಅವನು ಕೊಟ್ಟ ಸೂಜಿಯನ್ನೂ ಒಂದು ಮಣಿಯನ್ನೂ ಅವನ ಮುಂದೆ ಹಿಡಿದು, ನೀವೇ ಪೋಣಿಸಿ ತೋರಿಸಿರಿ ಎಂದಳು. ಮಣಿ ಸೂಜಿಯ ಕಣ್ಣಿನ ತನಕ ಬಂದು ನಿಂತಿತು. ಒತ್ತಿದ, ಒಡೆಯಿತು. ಮಣಿಯೇ ಕಳಪೆ ಎಂದು ಗೊಣಗಿದ. ಹಂಪವ್ವ ಅದೇ ರಾಶಿಯ ಮಣಿಯಲ್ಲಿ ತನ್ನ ಸೂಜಿಯನ್ನು ಎರಡು ಸಲ ಹಾಯಿಸಿ ತೋರಿಸಿದಳು.

"ಮಣೀನೂ ಕೆಟ್ಟಿಲ್ಲ, ಆಕಿ ಕೈನೂ ಕೆಟ್ಟಿಲ್ಲ. ಮೊದಲ ತೂತು ನೋಡ್ಬೇಕು, ಆಮ್ಯಾಲೆ ಸೂಜಿ ಆರಿಸ್ಬೇಕು. ಅದು ನಿಮಗ ಬರೂದಿಲ್ರಿ."

ಹೀಗೆ ಮಾತಾಡಿದರೆ ಪ್ರಮಾಣಪತ್ರ ಸಿಗದು ಎಂದ ಗೌತಮ. ಆ ಕಾಗದ ನೀವೇ ಇಟ್ಟುಕೊಳ್ಳಿರಿ ಎಂದು ಆಕೆ ಹೊರಬಿದ್ದಳು.

ಬಸ್ಸಿನಲ್ಲಿ ಕೂತರೂ ಸಿಟ್ಟು ಇಳಿಯಲಿಲ್ಲ. ಅದರಲ್ಲಿ ಅರ್ಧ ತನ್ನ ಮೇಲೆಯೇ ಇತ್ತು. ಮರುದಿನ ಕೊಪ್ಪಳದಲ್ಲಿ ಸೂಜಿ-ದಾರ ಮಾರುವ ಮಲಿಕಸಾಬನ ಅಂಗಡಿಗೆ ಹೋಗಿ, ಒಯ್ದ ಮಣಿಗೆ ಒಂದೊಂದೇ ಸೂಜಿ ತೂರಿಸಿ ನೋಡಿದಳು. ಹತ್ತನೇ ನಂಬರಿನದು ಬಿಗಿಯಾಯಿತು. ಅದಕ್ಕಿಂತ ತೆಳುವಾದ ಹನ್ನೆರಡರದು ಸಲೀಸಾಗಿ ಹಾಯಿತು. ಒಂದು ಪ್ಯಾಕೆಟ್ ಕೊಂಡು ನೇರ ಕವಿತಾಳ ಮನೆಗೆ ಬಂದಳು.

"ನಂದು ಹೊಲದ ಕೈ, ಬಿಡಬೇ ಅತ್ತಿ," ಎಂದಳು ಕವಿತಾ.

"ಅವನ ಮಾತು ನೀ ಆಡಬ್ಯಾಡ. ಸೂಜಿ ತಪ್ಪಂತ ನನಗ ಮೊದಲ ದಿನಾನ ಗೊತ್ತಿತ್ತು."

ಕವಿತಾಳ ಮುಖ ಕೆಂಪಾಯಿತು. "ಗೊತ್ತಿದ್ದೂ ಯಾಕ ಹೇಳ್ಲಿಲ್ಲ?"

ಹಂಪವ್ವ ಪ್ಯಾಕೆಟ್ ಬಿಚ್ಚಿ ಒಂದು ಸೂಜಿ ಮುಂದೆ ಚಾಚಿದಳು. ಕವಿತಾ ಸೂಜಿ ಕಸಿದುಕೊಂಡು ಕೂತಳು. ಸಂಜೆಯ ಹೊತ್ತಿಗೆ ಬ್ಲೌಸಿನ ಒಂದು ತೋಳು ತುಂಬಿತ್ತು, ಒಂದು ಮಣಿಯೂ ಒಡೆದಿರಲಿಲ್ಲ. ಆದರೂ ಸಿಟ್ಟು ಇಳಿಯದೆ, ಆಕೆ ಸೂಜಿಯ ದುಡ್ಡು ಎಣಿಸಿ ಹಂಪವ್ವನ ಕೈಗಿಟ್ಟು ಬಾಗಿಲು ಹಾಕಿಕೊಂಡಳು.