ಹಂಪಿಯ ದೊರೆಯ ಹೆಸರು

ಅರವತ್ತರ ದಶಕ. ಅಪ್ಪನಿಗೆ ಬರೋಡಾಕ್ಕೆ ವರ್ಗವಾದ ಹೊಸತರಲ್ಲಿ, ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ನಾನು ಕಳೆದುಹೋದೆ. ಅಮ್ಮ ಅಳುತ್ತಾ ರೈಲ್ವೆ ಠಾಣೆಗೆ ಬಂದಳು. ನಾನು "ಅಮ್ಮಾ" ಎಂದು ಕಿರುಚಿದರೂ ಪೊಲೀಸಿನವನು ನನ್ನ ರಟ್ಟೆ ಬಿಡಲಿಲ್ಲ.

"ಪೆಹಲೇ ಬಚ್ಚೇ ಕಾ ನಾಮ್ ಬೋಲೋ" ಎಂದು ಅಮ್ಮನನ್ನು ನನ್ನ ಹೆಸರು ಕೇಳಿದ.

ನನಗಿಟ್ಟಿದ್ದು ತಾತನ ಹೆಸರು. ಸೊಸೆ ಮಾವನ ಹೆಸರು ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದೆಂದು ಅಮ್ಮನನ್ನು ಹೆದರಿಸಿಟ್ಟಿದ್ದರು. ಹಾಗೆ ಹೆದರಿಸಿದವರ ಮೇಲೆ ನನಗಿನ್ನೂ ಸಿಟ್ಟಿದೆ. ಅವಳ ಬಾಯಲ್ಲಿ ನಾನು ಬರೀ ಪುಟ್ಟ.

"ಹಂಪೀ ಕಾ ರಾಜಾ" ಎಂದಳು ಅಮ್ಮ. "ಮೈಸೂರ್ ಕಾ ಮಹಾರಾಜಾ. ವಹೀ ನಾಮ್."

ನಮ್ಮೂರಿನಲ್ಲಾಗಿದ್ದರೆ ಅಷ್ಟು ಸಾಕಿತ್ತು. ದ್ವಾರಕೆಯ ದೇವರ ಹೆಸರು ಎಂದಿದ್ದರೆ ಅವನಿಗೂ ತಿಳಿಯುತ್ತಿತ್ತು. ಗಾಬರಿಯಲ್ಲಿ ಅವಳಿಗೆ ಅದು ಹೊಳೆಯಲಿಲ್ಲ.

"ಬಚ್ಚಾ ತೋ ದೂಸರಾ ನಾಮ್ ಬೋಲ್ತಾ ಹೈ" ಎಂದು, ನಾನು ಹೇಳಿದ ಹೆಸರೇ ಬೇರೆಯೆಂದು ಅವನು ನನ್ನನ್ನು ಹಿಂದಕ್ಕೆಳೆದ.

ಅಮ್ಮ ಕಣ್ಣು ಮುಚ್ಚಿಕೊಂಡು ಹೆಸರು ಹೇಳಿಬಿಟ್ಟಳು.

ಮುಂದಿನ ವಾರ ತಾತ ತೀರಿಕೊಂಡರೆಂದು ತಂತಿ ಬಂತು. ಅವರು ಬಹಳ ದಿನದಿಂದ ಹಾಸಿಗೆ ಹಿಡಿದಿದ್ದರಲ್ಲ ಎಂದು ಅಪ್ಪ ಎಷ್ಟು ಹೇಳಿದರೂ ಅಮ್ಮ ಒಪ್ಪಲಿಲ್ಲ. ಆಮೇಲೆ ಅವಳು ನನ್ನನ್ನು ಪುಟ್ಟ ಎಂದು ಕೂಡ ಕರೆಯಲಿಲ್ಲ. "ಇಲ್ಲಿ ಬಾ" ಎನ್ನುತ್ತಿದ್ದಳು, ಅಷ್ಟೇ.