ಕಿವಿಯಿಂದ ಆರಿಸಿದ ಕ್ಯಾಮೆರಾ

ಶ್ರಾವಣದ ಎರಡನೇ ಸೋಮವಾರ, ಮುಂಜಾನೆ ಹತ್ತೂವರೆ. ಸ್ಥಳ, ಗಜೇಂದ್ರಗಡದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು ಮತ್ತು ನರಗುಂದದಿಂದ ಬಂದಿದ್ದ ನೇಕಾರ ಕಾಕಾನ ಮಗಳು. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು ನಾನು. ಮೊದಲು ಇಷ್ಟು ಬರೆಯದೆ ಯಾವ ಸಂಗತಿಯನ್ನೂ ಶುರು ಮಾಡಲು ನನಗೆ ಬರುವುದಿಲ್ಲ.

ಟ್ರಂಕಿನ ತಳದಿಂದ ಕ್ಯಾಮೆರಾದ ಚೀಲ ತೆಗೆದು ಜಿಪ್ ಎಳೆದಾಗ ಡಾಂಬರ ಗುಳಿಗೆಯ ವಾಸನೆ ಬಂತು. ಅದರ ಹಿಂದೆಯೇ ಇನ್ನೊಂದು ವಾಸನೆ... ನೂಲಿಗೆ ಹಾಕುವ ಗಂಜಿಯದು. ಕಾಕಾ ಈ ಚೀಲವನ್ನು ಮಗ್ಗದ ಕೋಣೆಯ ಗೂಟಕ್ಕೆ ತೂಗುಹಾಕುತ್ತಿದ್ದ. ಇಪ್ಪತ್ತು ವರ್ಷದ ಮೇಲೂ ಗಂಜಿಯ ವಾಸನೆ ಉಳಿಯುತ್ತದೆಯೋ ಇಲ್ಲವೋ, ನನಗಂತೂ ಬಂತು.

ಕಾಕಾ ಗೋಡೆಗೆ ಗೋಡೆ ಹತ್ತಿದ ಮನೆಯವ. ಸಂಬಂಧಿಕನಲ್ಲ. ಓಣಿಯ ಎಲ್ಲರಿಗೂ ಅವನು ಕಾಕಾ. ಅವನ ಮಗ್ಗದ ಸದ್ದಿಗೆ ನಾನು ಏಳುತ್ತಿದ್ದೆ, ಅದು ನಿಂತಾಗ ಊಟಕ್ಕೆ ಕೂಡುತ್ತಿದ್ದೆ. ರೋಣಕ್ಕೆ ಹೋಗುವಾಗ ಬಸ್ ಸ್ಟ್ಯಾಂಡಿನ ನನ್ನ ಕಟ್ಟೆಯ ಹತ್ತಿರ ಬಂದು, ಕಣ್ಣ ಮುಂದೆಯೇ ಬಸ್ಸು ನಿಂತಿದ್ದರೂ, “ರೋಣದ ಗಾಡಿ ಯಾವ್ದೋ ತಮ್ಮಾ?” ಎನ್ನುತ್ತಿದ್ದ.

“ಅಷ್ಟು ದೊಡ್ಡ ಬೋರ್ಡ್ ಬರದಿದ್ದು ಯಾರಿಗಂತ ಕಾಕಾ?”

“ಒದರಾಂವ ನೀ ಇರೂಮುಂದ ಬೋರ್ಡ್ ಯಾಕ ಓದ್ಲಿ? ಸರ್ಕಾರ ಪಗಾರ ಕೊಡೂದು ಯಾತಕ್ಕ?”

ಕೂತವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಅವನ ಮಗಳಿಗೆ ಗಂಡು ಗೊತ್ತಾದ ವರ್ಷ ನಮ್ಮ ಮನೆಯಲ್ಲಿಯೂ ತಮ್ಮನ ಲಗ್ನವಿತ್ತು. ಎರಡೂ ಮನೆಗೆ ಸೇರಿ ಒಂದು ವಿಡಿಯೋ ಕ್ಯಾಮೆರಾ ತರೋಣ ಎಂದವನು ಕಾಕಾನೇ. ಹೊಸದು ನಮ್ಮ ಕೈಗೆಟಕುವಂತಿರಲಿಲ್ಲ. ರೋಣದ ಒಂದು ಸ್ಟುಡಿಯೋದಲ್ಲಿ ಬಳಸಿದ ಕ್ಯಾಮೆರಾಗಳು ಮಾರಾಟಕ್ಕಿವೆ ಎಂದು ಕೇಳಿ ಇಬ್ಬರೂ ಹೋದೆವು.

ಸ್ಟುಡಿಯೋದವ ಮೂರು ಇಟ್ಟ. ಒಂದು ಹಳೆಯ ಕಾಲದ ಕ್ಯಾಸೆಟ್ಟಿನದು, ಎಲ್ಲಕ್ಕಿಂತ ಅಗ್ಗ. ಇನ್ನೊಂದು ಅಂಗೈಯಗಲದ ಸಣ್ಣ ಸಿಡಿ ಹಾಕುವಂಥದು. ಮೂರನೆಯದಕ್ಕೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಡಿಜಿಟಲ್ ಟೇಪು. ನಾನು ಸಿಡಿಯದನ್ನು ಹಿಡಿದೆ. ತೆಗೆದ ಚಿತ್ರವನ್ನು ಮನೆಯ ಪ್ಲೇಯರಿಗೆ ಹಾಕಿದರೆ ಮುಗಿಯಿತು. ಟೇಪಾದರೆ ಪ್ರತಿ ಸಲವೂ ಕ್ಯಾಮೆರಾವನ್ನೇ ವೈರಿನಿಂದ ಟಿವಿಗೆ ಜೋಡಿಸಬೇಕು. ಸಿಡಿಯಲ್ಲಿ ಅರ್ಧ ತಾಸಷ್ಟೇ ಹಿಡಿಯುತ್ತದೆ, ಗೀರು ಬಿದ್ದರೆ ಹೋಯಿತು ಎಂದು ಸ್ಟುಡಿಯೋದವ ಹೇಳಿದರೂ ನನ್ನ ಮನಸ್ಸು ಅದರ ಮೇಲೆಯೇ ಇತ್ತು.

ಕಾಕಾ ಯಾವುದರ ಚಿತ್ರವನ್ನೂ ನೋಡಲಿಲ್ಲ. ಮೂರರಲ್ಲಿಯೂ ಬೀದಿಯ ಗದ್ದಲವನ್ನು ಸ್ವಲ್ಪ ಸ್ವಲ್ಪ ಹಿಡಿಸಿದ. ಆಮೇಲೆ ಒಂದೊಂದನ್ನೇ ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳಿದ.

“ಇದು ಬರೇ ಸೊಂಯ್ ಅಂತೈತಿ. ಇದರಾಗ ಒಳಗಿನ ಗಾಲಿ ತಿರಗೂದ ಕೇಳತೈತಿ. ಇದು ಖರೇ. ನೋಡು, ಕಡ್ಲಿ ಮಾರಾಕಿ ಕೆಮ್ಮಿದ್ದೂ ಬಂದೈತಿ.”

“ಕಾಕಾ, ಕ್ಯಾಮೆರಾ ತೊಗೊಳ್ಳಾಕ ಬಂದೀವೋ ರೇಡಿಯೋ ತೊಗೊಳ್ಳಾಕೋ?”

“ಮಗ್ಗ ನಡಸಾಂವ್ಗ ಕಿವಿನ ಕಣ್ಣು, ಸುಮ್ನಿರು. ಎಳಿ ಹರದ್ರ ಮೊದಲ ಗೊತ್ತಾಗೂದು ಕಿವಿಗೆ.”

ಆ ಡಿಜಿಟಲ್ ಟೇಪಿನದನ್ನೇ ಕೊಂಡೆವು.

ನಿಶ್ಚಯದ ದಿನ ಕ್ಯಾಮೆರಾ ಹಿಡಿದವನು ಕಾಕಾ. ನಾನು ಕೇಳಿದರೂ ಕೊಡಲಿಲ್ಲ. ಸಂಜೆ ಟಿವಿಗೆ ಹಚ್ಚಿ ನೋಡಿದರೆ ಗೋಡೆ, ತಾಂಬೂಲದ ತಟ್ಟೆ, ಯಾರದೋ ಕಾಲು... ಗಂಡು ಭುಜದಿಂದ ಕೆಳಗೆ ಮಾತ್ರ ಇದ್ದ. ತಲೆ ಒಂದು ಕಡೆಯೂ ಇರಲಿಲ್ಲ. ಅದೇ ವಾರ ರೋಣದ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗ ಮಾವನಾಗುವವನನ್ನು ಕಂಡು, ಎದುರು ನಿಂತು, ಮಾತಿಲ್ಲದೆ ಕೈಮುಗಿದನಂತೆ. ಕಾಕಾ ಮೋರೆ ಎತ್ತದೆ ದಾಟಿ ಹೋದನಂತೆ. ಅಪ್ಪನಿಗೆ ಈ ಸಂಬಂಧ ಮನಸ್ಸಿಗೆ ಬಂದಿಲ್ಲ ಎಂದು ಮಗಳು ನಮ್ಮ ಹಿತ್ತಲಲ್ಲಿ ನಿಂತು ಅತ್ತಳು. ಕೇಳಿದರೆ ಕಾಕಾ, “ಬಂದೈತಿ ಬಿಡವ್ವಾ,” ಎಂದು ಮತ್ತೆ ಮಗ್ಗಕ್ಕೆ ಕೂಡುತ್ತಿದ್ದ. ಲಗ್ನವಾಯಿತು. ಅಳಿಯ ಆಮೇಲೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಆ ಮಳೆಗಾಲದಲ್ಲಿಯೇ ಎದೆನೋವು ಬಂದು ಕಾಕಾ ಹೋದ... ಕ್ಯಾಮೆರಾ ನಮ್ಮ ಟ್ರಂಕು ಸೇರಿತು. ಕೆಲ ವರ್ಷದ ಮೇಲೆ ಕಾಕಿಯೂ ಹೋದಳು. ಮಗಳ ಎದೆಯಲ್ಲಿ ಆ ಮುಳ್ಳು ಹಾಗೆಯೇ ಉಳಿಯಿತು.

ಈ ಶ್ರಾವಣದಲ್ಲಿ ಆ ಟ್ರಂಕು ಖಾಲಿ ಮಾಡುತ್ತಿದ್ದೆ. ಅರ್ಧ ಪಾಲು ಅವರದೆಂದು ಅವಳನ್ನು ಕರೆಸಿದ್ದೆ. ಬ್ಯಾಟರಿ ಸತ್ತಿತ್ತು. ಕರೆಂಟಿನ ವೈರು ಚುಚ್ಚಿ ಟಿವಿಗೆ ಜೋಡಿಸಿದರೆ ಕ್ಯಾಮೆರಾ ಜೀವ ಹಿಡಿಯಿತು. ಒಳಗೆ ನಿಶ್ಚಯದ ಟೇಪೇ ಇತ್ತು.

“ನೋಡಣ್ಣಾ, ನಮ್ಮ ಮನಿಯವರ ತಲಿ ಇವತ್ತೂ ಬಂದಿಲ್ಲ,” ಎಂದು ಅವಳು ನಗಲು ನೋಡಿದಳು. ಅಷ್ಟರಲ್ಲಿ ಚಿತ್ರ ಪೂರ್ತಿ ಕಪ್ಪಾಯಿತು. “ಮುಗೀತು, ಬಂದ್ ಮಾಡು,” ಎಂದಳು. ನಿಶ್ಚಯದ ಸಂಜೆಯೂ ಇಲ್ಲಿಗೇ ಬಂದ್ ಮಾಡಿದ್ದೆವು. ಟೇಪು ಇನ್ನೂ ಓಡುತ್ತಿತ್ತು. ಕೊನೆಯ ಬಸ್ಸು ಒಳಗೆ ಬಾರದೆ ಕಟ್ಟೆಯಿಂದ ಇಳಿದವನಲ್ಲ ನಾನು. ಓಡಲಿ ಎಂದೆ.

ಕಪ್ಪಿನೊಳಗಿಂದ ಮಗ್ಗದ ಸದ್ದು ಬಂತು. ಆಚೆ ಮನೆಯಲ್ಲಿ ಈಗ ಮಗ್ಗವೇ ಇಲ್ಲ. ಸದ್ದು ನಿಂತು ಕಾಕಿಯ ಧ್ವನಿ ಕೇಳಿಸಿತು.

“ಮಗಳಿಗರ ಹೇಳ್ರಿ. ಕಾಣೂದು ಪೂರಾ ನಿಂತು ವರ್ಷ ಆಗಾಕ ಬಂತು.”

“ಹುಚ್ಚಿ. ಅಪ್ಪ ಕುರುಡ ಅಂದ್ರ, ನಾಳಿ ಮಗಳಿಗೂ ಬರತೈತಿ ಅಂತಾರ. ಲಗ್ನ ಮುರೀತೈತಿ. ಬಾಯಿ ಮುಚ್ಚಿಕೊಂಡು ಕೆಂಪು ಕಂಡಿಕಿ ಕೊಡು.”

“ಹುಡುಗನ್ನ ನೀವು ನೋಡೇ ಇಲ್ಲಲ್ರಿ...”

“ಕೇಳೀನಲ್ಲ! ಎಲ್ಲಾರ ಸಂಗಾಟ ಜೋರ್ ಮಾತಾಡ್ತಾನ. ನಮ್ಮಾಕಿ ಸಂಗಾಟ ಮಾತಾಡೂಮುಂದ ಧ್ವನಿ ತಗ್ಗಸ್ತಾನ. ಭಾಳ ಚಲೋ ಹುಡುಗ. ಆಕಿ ನರಗುಂದಕ್ಕ ಹೋದ್ಮ್ಯಾಲೆ ಇಬ್ಬರದೂ ಮಾತು ಕೇಳ್ಕೋತ ಕುಂದ್ರಾಕಂತನ ಈ ಮಶೀನ್ ತಂದೀನಿ.”

“ಅಯ್ಯ, ಅದರ ಕೆಂಪು ದೀಪ ಹತ್ತೇತಲ್ರಿ!”

ಟಕ್ಕೆಂದಿತು. ಅಲ್ಲಿಗೆ ಟೇಪು ಬರಿದು.

ನಿಶ್ಚಯ ಮುಗಿದ ಮೇಲೆ ಕಾಕಾ ಮಸೂರದ ಮುಚ್ಚಳ ಹಾಕಿ ಕ್ಯಾಮೆರಾವನ್ನು ಗೂಟಕ್ಕೆ ತೂಗುಹಾಕಿದ್ದಾನೆ. ಯಂತ್ರ ನಿಂತಿಲ್ಲ ಎಂದು ಅವನಿಗೆ ಕಂಡಿಲ್ಲ... ಕಾಣುವುದಾದರೂ ಹೇಗೆ? ಒಂದು ವರ್ಷ, ನನ್ನ ಗೋಡೆಯ ಆಚೆ, ಕಣ್ಣಿಲ್ಲದ ಮನುಷ್ಯ ಪಟ್ಟೆಯ ಸೀರೆ ನೇಯ್ದ. ಬಣ್ಣ ಬಣ್ಣದ ನೂಲು ಸುತ್ತಿದ ಕಂಡಿಕೆಗಳನ್ನು ಕಾಕಿ ಕೈಗೆ ಕೊಡುತ್ತ ಹೋದಳು. ಅಂಚಿನಲ್ಲಿ ಒಂದು ಎಳೆ ತಪ್ಪಲಿಲ್ಲ. ಓಣಿಯಲ್ಲಿ ಒಬ್ಬರಿಗೂ ಸುಳಿವು ಹತ್ತಲಿಲ್ಲ. ಕಾಕಿಯೂ ಆ ಗುಟ್ಟು ಬಿಟ್ಟುಕೊಡದೆಯೇ ಹೋದಳು. ಬೋರ್ಡು, ರೋಣದ ಗಾಡಿ, ಕಿವಿಗೆ ಒತ್ತಿಕೊಂಡ ಕ್ಯಾಮೆರಾ... ಒಂದೊಂದೇ ಬಂದು ಎದುರಿಗೆ ನಿಂತವು. ಕಾಕಾನ ಮಗಳು ಗೋಡೆ ಹಿಡಿದು ಕೆಳಗೆ ಕೂತಳು. “ಅಪ್ಪಾ, ನನಗರ ಹೇಳಬಾರದಾ,” ಎಂದು ಆ ಕಪ್ಪು ಟಿವಿಗೆ ಕೇಳಿದಳು. ಆಮೇಲೆ ಗಂಡನಿಗೆ ಫೋನ್ ಹಚ್ಚಿದಳು. ಅಳುವೊಂದೇ ಬಂತು. ನಾನೇ ಇಸಿದುಕೊಂಡು, ಬರಬೇಕು ಎಂದೆ.

ಅವನು ಸಂಜೆಯ ಬಸ್ಸಿಗೆ ಬಂದ. ಬಾಗಿಲಲ್ಲಿಯೇ ಅವನ ಗಂಟಲು ಓಣಿಗೆಲ್ಲ ಕೇಳಿತು. “ಏನಾಗೇತ್ರಿ? ಫೋನಿನ್ಯಾಗ ಬರೇ ಅಳತಾಳಲ್ರಿ!”

ಕೂಡಿಸಿದೆ. ಟೇಪು ತಿರುಗಿಸಿ, ಕಪ್ಪು ಶುರುವಾಗುವಲ್ಲಿಂದ ಹಚ್ಚಿದೆ. ಅವನು ಚಪ್ಪಲಿ ಬಿಡುವುದನ್ನೂ ಮರೆತಿದ್ದ. ‘ಭಾಳ ಚಲೋ ಹುಡುಗ’ ಎಂದಾಗ ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿಸಿದ. ಟೇಪು ಬರಿದಾಯಿತು. ನಂತರ ಹೆಂಡತಿಯ ಕಡೆ ತಿರುಗಿ, ನನಗೂ ಸರಿಯಾಗಿ ಕೇಳಿಸದಷ್ಟು ಧ್ವನಿ ತಗ್ಗಿಸಿ, “ಇನ್ನೊಮ್ಮೆ ಹಚ್ಚು,” ಎಂದ.

ಇನ್ನೊಮ್ಮೆ ಹಚ್ಚಿದೆವು.

ಅವರಿಬ್ಬರನ್ನೂ ನರಗುಂದದ ಬಸ್ಸಿಗೆ ಹತ್ತಿಸುವ ಮೊದಲು ನನಗೊಂದು ಕೆಲಸ ಉಳಿದಿತ್ತು. ಆ ಸಣ್ಣ ಕ್ಯಾಸೆಟ್ಟಿನ ಬೆನ್ನಿಗೆ ಒಂದು ಕೀಲಿ ಇರುತ್ತದೆ. ಸರಿಸಿದರೆ ಅದರ ಮೇಲೆ ಬೇರೇನನ್ನೂ ತುಂಬಲಾಗದು. ಉಗುರಿನಿಂದ ಸರಿಸಿ, ಗಟ್ಟಿ ಕೂತಿದೆಯೇ ಎಂದು ನೋಡಿ, ಕಾಕಾನ ಮಗಳ ಕೈಗೆ ಕೊಟ್ಟೆ.